ನಾಲ್ಕನೇ ಮಹಡಿಯ ಉತ್ತರ

ನನ್ನ ಕೆಲಸವೇ ಅನುಮಾನಪಡುವುದು. ಕಂಪನಿಯ ಹುಡುಗರು ಬರೆದ ಪ್ರೋಗ್ರಾಂ ಎಲ್ಲಿ ಕೈಕೊಡುತ್ತದೆ ಎಂದು ಹುಡುಕಿ ಹೇಳುವವಳು ನಾನು, ಟೆಸ್ಟರ್ ಅನ್ನುತ್ತಾರೆ. ಹುಟ್ಟಿದ ದಿನಾಂಕ ಕೇಳಿದರೆ ನಾಳೆಯ ದಿನಾಂಕ ಹಾಕುತ್ತೇನೆ. ಫೋನ್ ನಂಬರಿನ ಜಾಗದಲ್ಲಿ 'ಈರುಳ್ಳಿ' ಎಂದು ಬರೆಯುತ್ತೇನೆ. ಒಂದೇ ಸಲ ಒತ್ತಿ ಎಂದಿದ್ದರೆ ಹತ್ತು ಸಲ ಒತ್ತುತ್ತೇನೆ. ಮನೆಯಲ್ಲೂ ಇದೇ ಬುದ್ಧಿ ಎಂದು ನಮ್ಮನೆಯವರ ದೂರು. ಚಿಲಕ ಹಾಕಿದ್ದೀನಿ ಮಾರಾಯ್ತಿ ಎಂದು ಅವರು ಹೇಳಿದ ಮೇಲೂ ನಾನು ಹೋಗಿ ಒಮ್ಮೆ ಎಳೆದು ನೋಡದೆ ಮಲಗುವುದಿಲ್ಲ.

ನಮ್ಮ ಕಂಪನಿ ಹಲ್ಲಿನ ಡಾಕ್ಟರುಗಳಿಗೆ ಬೇಕಾದ ಒಂದು ಆಪ್ ಮಾಡುತ್ತದೆ. ಯಾವ ರೋಗಿ ಯಾವ ಹೊತ್ತಿಗೆ ಬರಬೇಕು, ಯಾರ ಹಲ್ಲಿಗೆ ಏನಾಗಿದೆ, ಎಲ್ಲ ಅದರಲ್ಲಿ. ಶುರುವಾದಾಗ ಇದ್ದದ್ದು ಒಂದೇ ಕೋಣೆ, ಯಾರೋ ಕೊಟ್ಟ ಹಳೆಯ ಊಟದ ಮೇಜು, ಅದರ ಸುತ್ತ ನಾವು ಏಳು ಜನ. ಈಗ ನಾಲ್ಕು ಮಹಡಿ. ಲಿಫ್ಟಿನಲ್ಲಿ ಪಕ್ಕ ನಿಂತವರು ನಮ್ಮವರೋ ಲಿಫ್ಟ್ ರಿಪೇರಿಗೆ ಬಂದವರೋ ಎಂದು ಗೊತ್ತಾಗದಷ್ಟು ಮಂದಿ. ಕಂಪನಿ ಕಟ್ಟಿದವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತೇವೆ. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಒಂದೇ ಕೋಣೆಯ ಕಾಲದಲ್ಲಿ ಗೋಡೆಯ ಬಿಳಿ ಹಲಗೆಯ ಮುಂದೆ ನಿಂತು, ಅಂಗಿಯ ತೋಳು ಮಡಚಿ, ಪ್ರತಿಯೊಂದನ್ನೂ ಬಿಡಿಸಿ ಬಿಡಿಸಿ ಹೇಳುತ್ತಿದ್ದರು, ಹೆಸರು ಅಂಟಿಕೊಂಡಿತು. ಅವರು ನನಗಿಟ್ಟ ಹೆಸರು ತಕರಾರಮ್ಮ.

ಆ ಕಾಲದಲ್ಲಿ ಅವರು ಎರಡು ಪದ್ಧತಿ ಹಾಕಿದರು. ಒಂದು, ತಪ್ಪಿನ ಹಲಗೆ. ಯಾರಿಗೆ ಯಾವ ತಪ್ಪು ಕಂಡರೂ ಅಲ್ಲಿ ಬರೆಯಬೇಕು, ಕಂಪನಿಯವರೆಲ್ಲರಿಗೂ ಅದು ಕಾಣಬೇಕು. ಬರೆದದ್ದನ್ನು 'ಮುಗಿಯಿತು' ಎಂದು ಮುಚ್ಚಬಹುದು, ಅಳಿಸುವ ಹಾಗಿಲ್ಲ. ತಪ್ಪು ಮಾಡಿದರೆ ಬೈಯಲ್ಲ, ಮುಚ್ಚಿಟ್ಟರೆ ಬಿಡಲ್ಲ ಅನ್ನುತ್ತಿದ್ದರು. ಮೊದಲು ಗೋಡೆಯ ಮೇಲಿದ್ದ ಹಲಗೆ ಈಗ ಎಲ್ಲರ ಕಂಪ್ಯೂಟರಿನಲ್ಲೂ ಇದೆ. ಇನ್ನೊಂದು, ಸುತ್ತು. ಇದ್ದ ಒಂದು ಕೋಣೆಯಲ್ಲಿ ಗುಟ್ಟು ಮಾತಾಡಲು ಜಾಗವಿರಲಿಲ್ಲವಾದ್ದರಿಂದ, ಯಾರ ಹತ್ತಿರವಾದರೂ ಬೇರೆ ಮಾತಿದ್ದರೆ 'ಬಾ, ಒಂದು ಸುತ್ತು ಹಾಕಿ ಬರೋಣ' ಎಂದು ಕಟ್ಟಡದ ಸುತ್ತ ನಡೆಸಿಕೊಂಡು ಹೋಗುತ್ತಿದ್ದರು. ಈಗ ಗಾಜಿನ ಕೋಣೆಗಳು ಬೇಕಾದಷ್ಟಿವೆ. ಆದರೂ ಸುತ್ತು ನಿಂತಿಲ್ಲ. ಸುತ್ತಿಗೆ ಹೋದವರು ಮತ್ತೆ ಮೇಲೆ ಬರುವುದಿಲ್ಲ, ಬದಲಾದದ್ದು ಅಷ್ಟೇ. ಅವರು ಸುತ್ತು ಮುಗಿಸುವಷ್ಟರಲ್ಲಿ ಯಾರೋ ಅವರ ಬ್ಯಾಗನ್ನು ಕುರ್ಚಿಯಿಂದ ಎತ್ತಿ ಲಿಫ್ಟಿನಲ್ಲಿ ಇಳಿಸಿರುತ್ತಾರೆ. ಕೆಳಗೆ ಬಾಗಿಲ ಬಳಿಯ ಬೆಂಚಿನ ಮೇಲೆ ಅದು ಕಾಯುತ್ತಿರುತ್ತದೆ.

ನನ್ನ ನಾದಿನಿ, ಅಂದರೆ ನಮ್ಮನೆಯವರ ತಂಗಿ, ಇದೇ ಕಂಪನಿಯ ಮೊದಲನೇ ಮಹಡಿಯಲ್ಲಿ ಕೆಲಸ ಮಾಡುತ್ತಾಳೆ. ಡಾಕ್ಟರುಗಳ ಕಡೆಯಿಂದ ಬರುವ ಫೋನುಗಳಿಗೆ ಉತ್ತರ ಕೊಡುವ ಮಹಡಿ ಅದು. ಗಂಡನಿಂದ ಬೇರೆಯಾಗಿ, ಮಗಳ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದವಳು. ಅದಕ್ಕೆ ಮುಂಚೆ ಕೆಲಸ ಮಾಡಿದ ಎರಡು ಕಡೆಯೂ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಮೂರನೆಯದನ್ನು ನಾನೇ ಕೊಡಿಸಿದೆ. ಇಲ್ಲಿ ಅವಳ ಮುಖಕ್ಕೆ ಕಳೆ ಬಂತು. ಮುಂದಿನ ತಿಂಗಳು ಆ ಮಹಡಿಗೆ ಅವಳನ್ನೇ ಮುಖ್ಯಸ್ಥೆ ಮಾಡುತ್ತೇವೆ ಎಂಬ ಮಾತೂ ಆಗಿತ್ತು.

ಆದರೆ ಮೊದಲನೇ ಮಹಡಿಯ ಬಗ್ಗೆ ನನಗೆ ಯಾಕೋ ಸರಿ ಬರುತ್ತಿರಲಿಲ್ಲ. ಎಲ್ಲ ಮಹಡಿಗೂ ಹೊಸ ಕುರ್ಚಿ ಬಂದವು, ಅಲ್ಲಿಗೆ ಬರಲಿಲ್ಲ. ಕಿಟಕಿ ಪಕ್ಕದ ದೀಪ ಕೆಟ್ಟು ಕಣ್ಣು ಮಿಟುಕಿಸುತ್ತಿದ್ದರೂ ಯಾರೂ ತಿರುಗಿ ನೋಡಲಿಲ್ಲ. ಫೋನಿನಲ್ಲಿ ಡಾಕ್ಟರುಗಳು ಏನು ಕೇಳುತ್ತಾರೆ, ನೀವು ಏನು ಹೇಳುತ್ತೀರಿ, ಎಲ್ಲವನ್ನೂ ಬರೆದು ಕೊಡಿ ಎಂದು ಅಲ್ಲಿನವರಿಗೆ ಹೇಳಿದ್ದರು. ಜನರ ಬದಲು ಫೋನಿಗೆ ಉತ್ತರ ಕೊಡಲು ಮೆಷಿನ್ನಿಗೆ ಮಾತು ಕಲಿಸುವವರು ಹೀಗೇ ಶುರು ಮಾಡುತ್ತಾರೆ. ಒಂದು ದಿನ ಇಬ್ಬರು ಅಳತೆ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದುಕೊಂಡು ಹೋದರು. ಯಾಕೆ ಎಂದು ನಾದಿನಿ ಕೇಳಿದ್ದಕ್ಕೆ ಪರದೆ ಹಾಕಲು ಅಂದರಂತೆ. ಪರದೆ ಹಾಕುವವರು ಕಿಟಕಿ ಅಳೆಯುತ್ತಾರೆ, ನೆಲವನ್ನು ಯಾಕೆ ಅಳೆಯುತ್ತಾರೆ?

"ನೆಲಕ್ಕೂ ಪರದೆ ಹಾಕ್ತಾರೇನೋ, ದೊಡ್ಡ ಕಂಪನಿ," ಎಂದು ನಮ್ಮನೆಯವರು ನಕ್ಕರು.

ನಾದಿನಿ ನಗಲಿಲ್ಲ. ಅವಳಿಗೆ ಒಂದು ಆಸ್ಪತ್ರೆಯ ಸ್ವಾಗತ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಥಳಕು ಬಳುಕು ಏನಿಲ್ಲ, ಗಟ್ಟಿ ಕೆಲಸ. ಬುಧವಾರ ಸಂಜೆ ಐದರೊಳಗೆ ಬರುತ್ತೀನೋ ಇಲ್ಲವೋ ಎಂದು ಹೇಳಬೇಕಿತ್ತು. ಆಮೇಲೆ ಆ ಜಾಗ ಬೇರೆಯವರಿಗೆ.

"ಅತ್ತಿಗೆ, ನೀವು ಹೇಳಿದ ಹಾಗೆ ಮಾಡ್ತೀನಿ. ಇರಲಾ, ಹೋಗಲಾ?" ಎಂದು ಮಂಗಳವಾರ ಪಾತ್ರೆ ಒರೆಸುತ್ತಾ ಕೇಳಿದಳು. "ಮೂರನೇ ಸಲ ನನ್ನ ಯಾರೂ ಹೊರಗೆ ಹಾಕಬಾರದು. ಅಷ್ಟೇ ನನಗೆ ಬೇಕಾಗಿರೋದು."

"ನನಗೆ ಅನುಮಾನ ಇದೆ ಕಣೆ."

"ನಿಮಗೆ ಯಾವುದರ ಮೇಲೆ ಅನುಮಾನ ಇಲ್ಲ ಹೇಳಿ? ನಾಳೆ ಬೆಳಿಗ್ಗೆ ಸಭೆ ಇದೆಯಲ್ಲ, ಮೇಷ್ಟ್ರು ಏನು ಹೇಳ್ತಾರೋ ನೋಡಿ ತೀರ್ಮಾನ ಮಾಡ್ತೀನಿ."

ಬುಧವಾರ ಬೆಳಿಗ್ಗೆ ಎರಡನೇ ಮಹಡಿಯ ದೊಡ್ಡ ಹಾಲಿನಲ್ಲಿ ಎಲ್ಲರೂ ಸೇರಿದೆವು. ನಾದಿನಿ ನನ್ನ ಪಕ್ಕವೇ ಕೂತಳು. ಎಚ್‌ಆರ್ ಮೇಡಂ ಮೈಕು ಹಿಡಿದು, ಹೋದ ವಾರ ನಡೆಸಿದ ಸಮೀಕ್ಷೆಯ ಫಲಿತಾಂಶ ಬಂದಿದೆ ಎಂದರು. ಮೇಲಿನವರ ಬಗ್ಗೆ ನಿಮಗೆ ನಂಬಿಕೆ ಇದೆಯೇ ಎಂದು ಕೇಳುವ ಸಮೀಕ್ಷೆ. 'ನೀವು ಯಾರೆಂದು ಯಾರಿಗೂ ತಿಳಿಯುವುದಿಲ್ಲ' ಎಂದು ಅದರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಆ ಪುಟವನ್ನು ಜನರಿಗೆ ಬಿಡುವ ಮೊದಲು ಪರೀಕ್ಷೆ ಮಾಡಿದವಳು ನಾನೇ. ಆಗಲೇ ಒಂದು ತಕರಾರು ತೆಗೆದಿದ್ದೆ. ಉತ್ತರ ಯಾವ ಮಹಡಿಯ ಕಂಪ್ಯೂಟರಿನಿಂದ ಬಂತು ಎಂಬುದನ್ನು ಆ ಪುಟ ಯಾರನ್ನೂ ಕೇಳದೆ ತಾನೇ ಬರೆದಿಟ್ಟುಕೊಳ್ಳುತ್ತಿತ್ತು. ತಪ್ಪಿನ ಹಲಗೆಯಲ್ಲಿ ಹಾಕಿದೆ: ಇದು ಗುಟ್ಟಾಗಿ ಉಳಿಯುವುದಿಲ್ಲ, ನಾಲ್ಕನೇ ಮಹಡಿಯಲ್ಲಿ ಇರುವುದು ಮೇಷ್ಟ್ರ ಕೋಣೆ ಮಾತ್ರ, ಮಿಕ್ಕದ್ದಕ್ಕೆ ಇನ್ನೂ ಸುಣ್ಣ ಬಣ್ಣ ಆಗಿಲ್ಲ, ಅಲ್ಲಿಂದ ಬಂದ ಉತ್ತರ ಅವರದೇ ಎಂದು ಗೊತ್ತಾಗಿಬಿಡುತ್ತದೆ. ಎಚ್‌ಆರ್ ಮೇಡಂ ನಕ್ಕರು. "ಅವರ ಮೇಲೆ ಅವರಿಗೆ ನಂಬಿಕೆ ಇದೆಯಾ ಅಂತ ಮೇಷ್ಟ್ರು ಯಾಕ್ರೀ ಉತ್ತರ ಬರೀತಾರೆ?" ಎಂದು, 'ಮುಗಿಯಿತು' ಎಂದು ಮುಚ್ಚಿದರು. ನನಗೂ ಹೌದಲ್ಲ ಅನ್ನಿಸಿತು. ಆದರೆ ಪುಟ ಬಂದ ದಿನ ಕಂಪನಿಯಲ್ಲಿ ಯಾರಿಗೂ ಅದರ ಮೇಲೆ ನಂಬಿಕೆ ಇರಲಿಲ್ಲ. ಇದು ನಮ್ಮನ್ನು ಹಿಡಿಯಲು ಇಟ್ಟ ಬೋನು ಎಂದು ನಾನು ಕೇಳಿದವರೆಲ್ಲ ತೆರೆದು, ನೋಡಿ, ಮುಚ್ಚಿದರು. ನಾನೂ ಬರೆಯಲಿಲ್ಲ, ನಾದಿನಿಯೂ ಬರೆಯಲಿಲ್ಲ.

ಆದ್ದರಿಂದ ಮೇಡಂ ಹಿಂದಿನ ದೊಡ್ಡ ಸ್ಕ್ರೀನಿನ ಮೇಲೆ 'ನೂರಕ್ಕೆ ತೊಂಬತ್ತಾರು ಮಂದಿ ಪೂರ್ತಿ ನಂಬುತ್ತಾರೆ' ಎಂದು ಬಂದಾಗ ನನ್ನ ಕಿವಿ ನಿಮಿರಿತು.

"ಕೆಲವರ ಮಾತನ್ನ ಓದಲೇಬೇಕು," ಎಂದು ಮೇಡಂ ಗಂಟಲು ಸರಿಮಾಡಿಕೊಂಡರು. "ಕೇಳಿ. 'ನಮ್ಮ ನಾಯಕರ ಮಾತೇ ನಮಗೆ ಬೆಳಕು, ಅವರ ಮೌನವೇ ನಮಗೆ ನೆರಳು, ಅವರು ಇಟ್ಟ ಹೆಜ್ಜೆಯೇ ನಮಗೆ ಹೆದ್ದಾರಿ, ಅವರು ಕೆಮ್ಮಿದರೂ ಅದರಲ್ಲೊಂದು ಅರ್ಥವಿದೆ...'"

ಹಾಲಿನಲ್ಲಿ ಚಪ್ಪಾಳೆ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದು ನಾನು ಬರೆದದ್ದು! ಅನಿಸಿಕೆ ಬರೆಯುವ ಜಾಗದಲ್ಲಿ ಎಷ್ಟು ಉದ್ದದ ಮಾತು ಹಿಡಿಸುತ್ತದೆ ಎಂದು ನೋಡಲು, ಬಾಯಿಗೆ ಬಂದ ಹೊಗಳಿಕೆಯನ್ನೆಲ್ಲ ತುಂಬಿದ್ದೆ. ಕೆಮ್ಮಿನವರೆಗೆ ಬಂದ ಮೇಲೆ ಪುಟ ನಿಂತುಕೊಂಡಿತ್ತು. ನೂರಾರು ಜನ ಉತ್ತರಿಸಿದರೆ ಪುಟ ತಡೆದೀತೇ ಎಂದು ನೋಡಲು ನೂರಾರು ಸುಳ್ಳು ಉತ್ತರ ಹಾಕಿ, ಅಲ್ಲೊಂದು ಇಲ್ಲೊಂದು ಖಾಲಿ ಬಿಟ್ಟು ಮಿಕ್ಕ ಎಲ್ಲಕ್ಕೂ 'ಪೂರ್ತಿ ನಂಬುತ್ತೇನೆ' ಎಂದು ಒತ್ತಿದ್ದೆ. ಪರೀಕ್ಷೆಯ ಉತ್ತರಗಳನ್ನು ಅಳಿಸಿ ಪುಟವನ್ನು ಜನರಿಗೆ ಬಿಡುವುದು ಎಚ್‌ಆರ್‌ನವರ ಪಾಲಿನ ಕೆಲಸ. ಅಳಿಸಿಲ್ಲ. ಆ ತೊಂಬತ್ತಾರು ಮಂದಿ ಎಂದರೆ ನಾನೊಬ್ಬಳೇ.

ಮೇಷ್ಟ್ರು ಎದ್ದು ನಿಂತರು. "ನೀವು ಇಷ್ಟು ನಂಬಿಕೆ ಇಟ್ಟ ಮೇಲೆ ನಾನೂ ಒಂದು ಮಾತು ಕೊಡ್ತೀನಿ. ಮೊದಲನೇ ಮಹಡಿ ಮುಚ್ತಾರೆ ಅಂತ ಗಾಳಿಸುದ್ದಿ ಇದೆ. ಯಾವ ಮಹಡಿನೂ ಮುಚ್ಚಲ್ಲ, ಯಾರೂ ಮನೆಗೆ ಹೋಗಲ್ಲ."

ನಾದಿನಿ ನನ್ನ ಮೊಣಕೈ ಹಿಡಿದು ಅಲ್ಲಾಡಿಸಿದಳು. ಅವಳ ಕಣ್ಣು ತುಂಬಿತ್ತು. "ಯಾರೋ ಎಷ್ಟು ಚೆನ್ನಾಗಿ ಬರೆದಿದ್ದಾರೆ ಅತ್ತಿಗೆ! ಇಷ್ಟೊಂದು ಜನ ನಂಬ್ತಾರೆ ಅಂದ್ರೆ ಸುಮ್ಮನೆ ಅಲ್ಲ. ನೀವೊಬ್ಬರೇ ನೋಡಿ ಹೀಗೆ. ನಾನು ಆಸ್ಪತ್ರೆಯವರಿಗೆ ಬರಲ್ಲ ಅಂದುಬಿಡ್ತೀನಿ."

"ಐದು ಗಂಟೆವರೆಗೆ ತುಟಿ ಪಿಟಕ್ ಅನ್ನಬೇಡ," ಎಂದೆ. ನನ್ನ ಕೈಯಾರೆ ಹಾಕಿದ ಸುಳ್ಳು ನನ್ನ ಮನೆಯ ಹುಡುಗಿಯನ್ನೇ ಮುಳುಗಿಸಲು ಹೊರಟಿತ್ತು.

ಸಭೆ ಮುಗಿಯುತ್ತಲೇ ನಮ್ಮ ಮೂರನೇ ಮಹಡಿಗೆ ಹೋಗಿ ಎಚ್‌ಆರ್ ಮೇಡಂ ಮುಂದೆ ಕೂತು ವಿಷಯ ಹೇಳಿದೆ. ಹೌದಾ, ನಿಜವಾ, ಅಯ್ಯೋ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಬಾಗಿಲ ಕಡೆ ನೋಡಿ, "ಯಾರಿಗೆ ಹೇಳಿದ್ರಿ?" ಎಂದರು.

"ಯಾರಿಗೂ ಇಲ್ಲ."

"ಒಳ್ಳೇದು. ಊಟ ಮಾಡಿ ಬನ್ನಿ. ನೋಡೋಣ."

ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದೆ. ಅಳಿಸುವುದು ಮರೆತು ಹೋದವರ ಮುಖ ಹಾಗಿರುವುದಿಲ್ಲ. ಹಾಗಾದರೆ ಬೇಕೆಂದೇ ಬಿಟ್ಟರೋ? ಮೇಡಂ ಒಬ್ಬರೇ ಬಿಟ್ಟರೋ, ಮೇಷ್ಟ್ರಿಗೂ ಗೊತ್ತೋ? ಆ ಕಣ್ಣೀರು ನಿಜವಾದದ್ದೋ? ಹೀಗೆ ಯೋಚಿಸುತ್ತ ನನ್ನ ಮೇಜಿಗೆ ಬಂದರೆ ಮೇಷ್ಟ್ರೇ ಅಲ್ಲಿ ನಿಂತಿದ್ದರು, ಅಂಗಿಯ ತೋಳು ಮಡಚಿಕೊಂಡು.

"ತಕರಾರಮ್ಮ, ಬಾ, ಒಂದು ಸುತ್ತು ಹಾಕಿ ಬರೋಣ."

ಸುತ್ತಮುತ್ತ ಕೀಲಿಮಣೆಗಳ ಸದ್ದು ನಿಂತಿತು. ಯಾರೂ ತಲೆಯೆತ್ತಲಿಲ್ಲ. ನಾನು ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ನನ್ನ ಬ್ಯಾಗನ್ನು ಒಮ್ಮೆ ನೋಡಿ ಅವರ ಹಿಂದೆ ಹೊರಟೆ.

ಕಟ್ಟಡದ ಹಿಂದೆ ಸ್ಕೂಟರುಗಳ ಸಾಲು, ಜನರೇಟರಿನ ಕೋಣೆ, ಒಣಗಿದ ಹುಲ್ಲು.

"ಮೇಡಂ ಹೇಳಿದ್ರು," ಎಂದರು ನಡೆಯುತ್ತಲೇ. "ತಪ್ಪಾಗಿದೆ. ಸರಿ ಮಾಡೋಣ. ಆದ್ರೆ ಇವತ್ತೇ ಬೇಡ. ಕಂಪನಿಗೆ ದುಡ್ಡು ಹಾಕೋ ಹೊರಗಿನವರು ನೋಡೋಕೆ ಬರ್ತಿದ್ದಾರೆ, ಜನಕ್ಕೆ ಸ್ವಲ್ಪ ಧೈರ್ಯ ಇರಲಿ. ಮುಂದಿನ ವಾರ ನಾನೇ ನಿಂತು ಹೇಳ್ತೀನಿ."

"ನಿಮಗೆ ಮೊದಲೇ ಗೊತ್ತಿತ್ತಾ ಮೇಷ್ಟ್ರೇ?"

"ಇವತ್ತು ಮಧ್ಯಾಹ್ನ ಗೊತ್ತಾಯ್ತು."

ನಾನು ನಿಂತೆ. "ಮೊದಲನೇ ಮಹಡಿ ಕಥೆ ಏನು? ನನ್ನ ನಾದಿನಿ ಅಲ್ಲಿದ್ದಾಳೆ. ಇವತ್ತು ಸಂಜೆಯೊಳಗೆ ಅವಳು ಬೇರೆ ಕಡೆ ಹೂಂ ಅಥವಾ ಉಹೂಂ ಅನ್ನಬೇಕು. ನನ್ನ ಕಿವಿ ಮೇಲೆ ಹೂ ಇಡಬೇಡಿ. ನೆಲ ಅಳೆದುಕೊಂಡು ಹೋದ್ರು, ಯಾಕೆ?"

ಅವರೂ ನಿಂತರು. ನೇರವಾಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟರು. "ಹೊಸ ಮೇಜು ಬರ್ತಿದೆ, ಅದಕ್ಕೆ ಅಳತೆ. ಅವಳು ಎಲ್ಲೂ ಹೋಗೋದು ಬೇಡ ಅಂತ ಹೇಳು. ಇಷ್ಟು ವರ್ಷದಲ್ಲಿ ನಿನಗೆ ನಾನು ಸುಳ್ಳು ಹೇಳಿದ್ದು ಇದೆಯಾ?"

ಇರಲಿಲ್ಲ. ಅದೇ ತೊಂದರೆ. ನಮ್ಮ ಮಾವ ಆಸ್ಪತ್ರೆ ಸೇರಿದಾಗ ಈ ಮನುಷ್ಯ ಎರಡು ದಿನ ಅಲ್ಲಿನ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದರು, ಒಂದು ಫೋನೂ ಎತ್ತದೆ. ಮಾವ ಹೋದ ಮೇಲೆ ನಮ್ಮನೆಯವರನ್ನು ತಬ್ಬಿಕೊಂಡು ಅತ್ತಿದ್ದರು. ನನಗೆ ಅವರನ್ನು ನಂಬಬೇಕು ಅನ್ನಿಸಿತು. ಎಷ್ಟು ಅನ್ನಿಸಿತೆಂದರೆ ನಾಚಿಕೆಯಾಯಿತು.

ಸುತ್ತು ಮುಗಿಸಿ ಬಾಗಿಲ ಬಳಿ ಬಂದಾಗ ಮೊದಲು ಬೆಂಚು ನೋಡಿದೆ. ನನ್ನ ಬ್ಯಾಗು ಅಲ್ಲಿರಲಿಲ್ಲ. ಉಸಿರು ಬಿಟ್ಟೆ. ಮೇಷ್ಟ್ರು ಹೆಗಲು ತಟ್ಟಿ ಲಿಫ್ಟಿನಲ್ಲಿ ಮೇಲೆ ಹೋದರು.

ನಾದಿನಿಗೆ ಫೋನ್ ಮಾಡಿ 'ಇರು' ಎಂದು ಹೇಳಿಬಿಡೋಣ ಎಂದು ಮೇಜಿಗೆ ಬಂದೆ, ನಂಬರನ್ನೂ ಒತ್ತಿದೆ. ಆಮೇಲೆ ನನ್ನ ಕೆಟ್ಟ ಬುದ್ಧಿ ಸುಮ್ಮನಿರಲಿಲ್ಲ. ಹಾಕಿದ ಚಿಲಕವನ್ನು ಒಮ್ಮೆ ಎಳೆದು ನೋಡೋಣ ಎಂದು ಫೋನ್ ಇಟ್ಟು ಸಮೀಕ್ಷೆಯ ಉತ್ತರಗಳನ್ನು ತೆರೆದೆ. ಟೆಸ್ಟರಿಗೆ ಅವು ಕಾಣುತ್ತವೆ, ಆ ಕೀಲಿಯನ್ನು ಯಾರೂ ನನ್ನಿಂದ ವಾಪಸು ತೆಗೆದುಕೊಂಡಿರಲಿಲ್ಲ. ಪುಟ ಜನರಿಗೆ ತೆರೆದುಕೊಂಡ ದಿನಕ್ಕಿಂತ ಹಿಂದಿನವೆಲ್ಲ ನನ್ನವು. ಅವನ್ನು ಬದಿಗೆ ಸರಿಸಿದೆ. ಉಳಿದದ್ದು ಬೆರಳೆಣಿಕೆಯಷ್ಟು. ಎರಡನೇ ಮಹಡಿ, ಪೂರ್ತಿ ನಂಬುತ್ತೇನೆ. ಮೂರನೇ ಮಹಡಿ, ಪೂರ್ತಿ ನಂಬುತ್ತೇನೆ. ಭಯಸ್ಥರು ಹೆದರಿಕೊಂಡು ಒತ್ತಿದ ಉತ್ತರಗಳು, ಯಾವುದರಲ್ಲೂ ಒಂದು ಅಕ್ಷರದ ಅನಿಸಿಕೆ ಇಲ್ಲ. ಕೊನೆಯಲ್ಲಿ ಒಂದು.

ನಾಲ್ಕನೇ ಮಹಡಿ. 'ನಾಯಕತ್ವ ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತದೆ ಎಂದು ನಂಬುತ್ತೀರಾ?' ಎಂಬ ಪ್ರಶ್ನೆಗೆ: ಇಲ್ಲ. ಅನಿಸಿಕೆ: 'ಮುಚ್ಚುವ ವಿಷಯ ಮೊದಲನೇ ಮಹಡಿಯವರಿಗೆ ಇಷ್ಟು ಹೊತ್ತಿಗೆ ಹೇಳಬೇಕಿತ್ತು. ತಿಂಗಳ ಕೊನೆಗೆ ಗೊತ್ತಾಗುವುದು ತಪ್ಪು.'

ಮತ್ತೆ ಓದಿದೆ. ಇಡೀ ಕಂಪನಿಯಲ್ಲಿ 'ನೀವು ಯಾರೆಂದು ಯಾರಿಗೂ ತಿಳಿಯುವುದಿಲ್ಲ' ಎಂಬ ಮಾತನ್ನು ನಂಬಿ ನಿಜ ಬರೆದವರು ಅವರೊಬ್ಬರೇ. ಕೋಪಕ್ಕಿಂತ ಮೊದಲು ಅವರ ಬಗ್ಗೆ ಅಯ್ಯೋ ಅನಿಸಿತು. ಒಂಟಿ ಕೋಣೆಯಲ್ಲಿ ಕೂತು, ಯಾರಿಗೂ ಹೇಳಲಾಗದ್ದನ್ನು ಒಂದು ಪುಟಕ್ಕೆ ಹೇಳಿಕೊಂಡಿದ್ದರು. ಆದರೆ ಅದೇ ಮನುಷ್ಯ ಈಗಷ್ಟೇ ಜನರೇಟರ್ ಕೋಣೆಯ ಪಕ್ಕ ನನ್ನ ಕಣ್ಣಲ್ಲಿ ಕಣ್ಣಿಟ್ಟು ಅವಳು ಎಲ್ಲೂ ಹೋಗುವುದು ಬೇಡ ಎಂದಿದ್ದರು. ಆಗ ಕೋಪ ಬಂತು, ಮೈಯೆಲ್ಲ ಉರಿಯುವಷ್ಟು ಬಂತು.

ಮೆಟ್ಟಿಲಲ್ಲೇ ಇಳಿದು ಮೊದಲನೇ ಮಹಡಿಗೆ ಓಡಿದೆ. ನಾದಿನಿ ಕಿವಿಯ ಫೋನು ಕತ್ತಿಗೆ ಇಳಿಸಿಕೊಂಡು ಮೊಬೈಲಿನಲ್ಲಿ ಏನೋ ಬರೆಯುತ್ತಿದ್ದಳು. ಮೇಲೆ ಆ ದೀಪ ಕಣ್ಣು ಮಿಟುಕಿಸುತ್ತಿತ್ತು.

"ಕಳಿಸಿದೆಯಾ?"

"ಈಗ ಕಳಿಸ್ತಿದ್ದೆ. ಬರಲ್ಲ, ಕ್ಷಮಿಸಿ ಅಂತ..."

"ಅಳಿಸು. ಬರ್ತೀನಿ ಅಂತ ಬರೆ."

"ಅತ್ತಿಗೆ, ಮತ್ತೆ ಶುರು ಮಾಡಿದ್ರಾ? ಬೆಳಿಗ್ಗೆ ಅಷ್ಟು ಜನದ ಮುಂದೆ ಮಾತು ಕೊಟ್ಟಿದ್ದಾರೆ. ನಿಮ್ಮ ಅನುಮಾನಕ್ಕೆ ನಾನು ಇರೋ ಕೆಲಸ ಬಿಡ್ಲಾ?"

"ನನ್ನ ಅನುಮಾನ ಅಲ್ಲ ಕಣೆ. ಈ ಮಹಡಿ ಹೋಗುತ್ತೆ ಅಂತ ಹೇಳಿದವರು ಬೇರೆ."

"ಯಾರು?"

"ಮೇಷ್ಟ್ರೇ."

ಅವಳು ನನ್ನ ಮುಖವನ್ನೇ ನೋಡಿದಳು. "ನಿಮ್ಮ ಹತ್ರ ಹೇಳಿದ್ರಾ?"

"ನನ್ನ ಹತ್ರ ಸುಳ್ಳು ಹೇಳಿದ್ರು. ಸಮೀಕ್ಷೆಯ ಪುಟದ ಹತ್ರ ನಿಜ ಹೇಳಿದ್ರು."

ಎಲ್ಲವನ್ನೂ ಹೇಳಿದೆ, ಹೊಗಳಿಕೆ ಬರೆದವಳು ನಾನೇ ಎಂಬುದನ್ನೂ. ಅವಳು ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಬರೆದದ್ದನ್ನು ಅಳಿಸಿ, 'ಬರುತ್ತೇನೆ' ಎಂದು ಬರೆದು ಕಳಿಸಿದಳು. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅಕ್ಕಪಕ್ಕದ ಕುರ್ಚಿಗಳು ನಮ್ಮ ಕಡೆ ತಿರುಗಿದ್ದವು. ಆ ಹಳೆಯ ಕುರ್ಚಿಗಳು ತಿರುಗಿದರೆ ಕಿರ್ ಎನ್ನುತ್ತವೆ.

"ನಮ್ಮ ಕಥೆ ಏನು ಮೇಡಂ?" ಎಂದು ಒಬ್ಬಳು ಕೇಳಿದಳು. ಹೊಟ್ಟೆ ಮುಂದೆ ಬಂದ ಬಸುರಿ. ಮೇಜಿನ ಅಂಚು ಹಿಡಿದುಕೊಂಡಿದ್ದಳು.

ಅವಳಿಗೆ ಕೊಡಿಸಲು ನನ್ನ ಹತ್ತಿರ ಬೇರೆ ಕೆಲಸ ಇರಲಿಲ್ಲ. ಮೇಲೆ ಬಂದು ತಪ್ಪಿನ ಹಲಗೆ ತೆರೆದೆ. ಮೊದಲು ಹೊಸದೊಂದು ಬರೆದೆ: ತೊಂಬತ್ತಾರು ಎಂಬುದು ಜನರ ಉತ್ತರವಲ್ಲ, ಪರೀಕ್ಷೆಗೆ ನಾನು ಹಾಕಿದ ಸುಳ್ಳು ಉತ್ತರ, ಕೆಮ್ಮಿನ ಸಾಲೂ ನನ್ನದೇ. ಆಮೇಲೆ ಎಚ್‌ಆರ್ ಮೇಡಂ ಮುಚ್ಚಿದ್ದ ಹಳೆಯ ತಕರಾರನ್ನು ಮತ್ತೆ ತೆರೆದೆ. ಅದರ ಕೆಳಗೆ ಬರೆದೆ: ನಾಲ್ಕನೇ ಮಹಡಿಯವರ ಉತ್ತರ ಗುಟ್ಟಾಗಿ ಉಳಿದಿಲ್ಲ. ಇಲ್ಲಿದೆ ನೋಡಿ. ಅವರ ಪ್ರಶ್ನೆ, ಉತ್ತರ, ಅನಿಸಿಕೆ, ಮೂರನ್ನೂ ಇದ್ದ ಹಾಗೇ ಅಂಟಿಸಿದೆ. ಒತ್ತುವ ಮುಂಚೆ ಕಬ್ಬಿಣದ ಬೆಂಚು ನೆನಪಾಯಿತು. ಬಸುರಿಯ ಕೈಯೂ ನೆನಪಾಯಿತು. ಒತ್ತಿದೆ.

ಮೊದಲು ನಮ್ಮ ಸಾಲಿನಲ್ಲಿ ಒಬ್ಬ "ಏಯ್, ಹಲಗೆ ನೋಡ್ರೋ" ಎಂದ. ಆಮೇಲೆ ಕೆಳಗಿನ ಮಹಡಿಯಿಂದ ಕುರ್ಚಿಗಳು ಸರಿದ ಸದ್ದು ಕೇಳಿಸಿತು. ಎಚ್‌ಆರ್ ಮೇಡಂ ಗಾಜಿನ ಕೋಣೆಯಲ್ಲಿ ಎದ್ದು ನಿಂತು ಎರಡೂ ಕಿವಿಗೆ ಒಂದೊಂದು ಫೋನು ಹಿಡಿದಿದ್ದರು. ಹಲಗೆಯಲ್ಲಿ ಬರೆದದ್ದನ್ನು ಅಳಿಸಲು ಅವರಿಂದಾಗದು. ಆ ನಿಯಮ ಮಾಡಿದವರು ಮೇಷ್ಟ್ರು.

ಲಿಫ್ಟಿನ ಬಾಗಿಲು ತೆರೆಯಿತು. ಅವರು ಬಂದರು. ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡಿದ್ದರು. ನನ್ನ ಮೇಜಿನ ಹತ್ತಿರ ಬಂದು ನಿಂತರು. ಬೈಯಲಿಲ್ಲ.

"ಅದನ್ನ ನಾನು ಬರೆದಾಗ ಯಾರಿಗೂ ಗೊತ್ತಾಗಲ್ಲ ಅಂತ ಇತ್ತಲ್ಲ," ಎಂದರು, ಮೆಲ್ಲಗೆ.

"ಇತ್ತು ಮೇಷ್ಟ್ರೇ. ಅದು ಸುಳ್ಳು ಅಂತ ನಾನು ಆಗಲೇ ತಕರಾರು ತೆಗೆದಿದ್ದೆ."

ಅವರು ತಲೆಯಾಡಿಸಿದರು. ಆಮೇಲೆ ಎಂದಿನ ದನಿಯಲ್ಲೇ, "ಬಾ, ಒಂದು ಸುತ್ತು ಹಾಕಿ ಬರೋಣ," ಎಂದರು.

ನಾನು ಎದ್ದೆ. ಈ ಸಲ ಯಾರೂ ಇಳಿಸಿಕೊಡುವುದು ಬೇಡವೆಂದು ಬ್ಯಾಗನ್ನು ನಾನೇ ಹೆಗಲಿಗೆ ಹಾಕಿಕೊಂಡೆ.